30×40 ಸೈಟ್‌ಗೆ ಪ್ಲಾನೇ ಬೇಡ ಅನ್ನೋ ಫಾರ್ವರ್ಡ್ ತಪ್ಪು

ನಮ್ಮ ಲೇಔಟ್ ಗ್ರೂಪಲ್ಲಿ ಎರಡು ದಿನದಿಂದ ಒಂದು ಮೆಸೇಜ್ ಓಡಾಡ್ತಿದೆ, "ಬೆಂಗಳೂರಲ್ಲಿ 1200 ಚದರಡಿ ಸೈಟ್‌ಗೆ ಇನ್ಮೇಲೆ ಪ್ಲಾನ್ ಬೇಡ, ಸೆಟ್‌ಬ್ಯಾಕ್ ಬೇಡ, ಎಷ್ಟು ಫ್ಲೋರ್ ಬೇಕಾದ್ರೂ ಹಾಕ್ಕೋಬಹುದು" ಅಂತ. (ಸೆಟ್‌ಬ್ಯಾಕ್ ಅಂದ್ರೆ ಸೈಟಿನ ಅಂಚಿಂದ ಮನೆ ಗೋಡೆವರೆಗೆ ಬಿಡಬೇಕಾದ ಖಾಲಿ ಜಾಗ.) ದಯವಿಟ್ಟು ನಂಬಬೇಡಿ. 2025ರಲ್ಲಿ ಸರ್ಕಾರ ವಿನಾಯಿತಿ ಕೊಟ್ಟಿದ್ದು ಓಸಿಗೆ, ಅಂದ್ರೆ ಮನೆ ಪ್ಲಾನ್ ಪ್ರಕಾರ ಕಟ್ಟಿದೆ, ವಾಸ ಮಾಡಬಹುದು ಅಂತ ಕೊಡೋ ಸ್ವಾಧೀನಾನುಭವ ಪತ್ರಕ್ಕೆ ಮಾತ್ರ, ಅದೂ 1200 ಚದರಡಿವರೆಗಿನ ಸೈಟಲ್ಲಿ ಗ್ರೌಂಡ್ ಪ್ಲಸ್ ಎರಡು ಇಲ್ಲಾ ಸ್ಟಿಲ್ಟ್ (ಕೆಳಗೆ ಬರೀ ಕಂಬಗಳ ಮೇಲಿನ ಪಾರ್ಕಿಂಗ್ ಜಾಗ) ಪ್ಲಸ್ ಮೂರರವರೆಗಿನ ವಾಸದ ಮನೆಗಳಿಗೆ. 2024 ಡಿಸೆಂಬರಲ್ಲಿ ಸುಪ್ರೀಂ ಕೋರ್ಟ್ ಓಸಿ ನೋಡದೆ ಕರೆಂಟು ನೀರು ಕೊಡಬೇಡಿ ಅಂದಿತ್ತಲ್ಲ, ಅದರಿಂದ ಸಾವಿರಾರು ಮನೆ ಕನೆಕ್ಷನ್ ಇಲ್ದೆ ನಿಂತಿದ್ವು, ಅದಕ್ಕೆ ಬಂದ ದಾರಿ ಇದು. ಪ್ಲಾನ್ ಮಂಜೂರಾತಿ, ಸೆಟ್‌ಬ್ಯಾಕ್, ಎಫ್‌ಎಆರ್ (ಸೈಟ್ ಅಳತೆಗೆ ಒಟ್ಟು ಎಷ್ಟು ಚದರಡಿ ಕಟ್ಟಬಹುದು ಅನ್ನೋ ಮಿತಿ) ಯಾವುದೂ ಹೋಗಿಲ್ಲ.

ಸೆಟ್‌ಬ್ಯಾಕ್ ಬಿಡೋದು ಜಾಗ ದಂಡ ಅಂತ ತುಂಬಾ ಜನ ಅನ್ಕೊಂಡಿದಾರೆ. ನಮ್ಮ ಹಿಂದಿನ ಬೀದೀಲಿ ಎರಡು ಮನೆ ಗೋಡೆಗೆ ಗೋಡೆ ಅಂಟ್ಕೊಂಡಿವೆ, ಅಡುಗೆಮನೆ ಕಿಟಕಿ ತೆಗೆದ್ರೆ ಪಕ್ಕದವರ ಸಿಮೆಂಟ್ ಗೋಡೆ ಕೈಗೆ ಸಿಗುತ್ತೆ, ಮಧ್ಯಾಹ್ನ ಹನ್ನೆರಡಕ್ಕೂ ಒಳಗೆ ಟ್ಯೂಬ್‌ಲೈಟ್ ಉರೀತಾ ಇರುತ್ತೆ, ಮಳೆಗಾಲದಲ್ಲಿ ಆ ಗೋಡೆ ಒಣಗೋದೇ ಇಲ್ಲ. ಬಾಲ್ಕನಿನೂ ರಸ್ತೆ ಮೇಲೆ ಚಾಚಿದೆ, ಕರೆಂಟ್ ತಂತಿ ಹತ್ರಾನೇ.

ಆ ಮೆಸೇಜ್ ನಂಬ್ಕೊಂಡು ಪಾಯ ತೋಡಬೇಡಿ, ಮೊದಲು ಪ್ಲಾನ್ ಮಂಜೂರು ಮಾಡಿಸ್ಕೊಳ್ಳಿ.