ಹೊಟ್ಟೆಯೊಳಗಿನ ಕೂಸಿಗೊಂದು ಸುತ್ತೋಲೆ

ಕೂಸೇ, ಸದ್ಯಕ್ಕೆ ನಿನಗೆ ಪುರಸೊತ್ತಿದೆ. ಅದಕ್ಕೇ ಈಗಲೇ ಹೇಳಿಬಿಡುತ್ತೇನೆ. ನೀನು ಸುಮ್ನೆ ಆರೋಗ್ಯವಾಗಿ ಹುಟ್ಟಿದರೆ ಸಾಲದು. ಸರಕಾರದ ಆರೋಗ್ಯ ಪೋರ್ಟಲ್‌ಗೆ ಒಪ್ಪುವ ಹಾಗೆ ಹುಟ್ಟಬೇಕು.

ನಿಮ್ಮಮ್ಮನ ಹಿಂದೆ ಗುಲಾಬಿ ಸೀರೆಯಲ್ಲಿ ಓಡಾಡುವ ಆಶಾ ಅಕ್ಕ ಇದ್ದಾರಲ್ಲ, ನೀನು ಬರುವ ಸುದ್ದಿ ನಿನ್ನ ಅಜ್ಜಿಗಿಂತ ಮೊದಲು ಗೊತ್ತಾದದ್ದು ಅವರಿಗೆ. ತಾಯಿ ಕಾರ್ಡ್ ಮಾಡಿಸಿದರು. ನಾಲ್ಕು ಸಲ ತಪಾಸಣೆಗೆ ಕರೆದೊಯ್ದರು. ಕಬ್ಬಿಣದ ಮಾತ್ರೆಯನ್ನು ನಿಮ್ಮಮ್ಮ ನುಂಗಿದಳೋ, ಹಿತ್ತಲಿಗೆ ಎಸೆದಳೋ ಅಂತ ಪತ್ತೇದಾರಿ ಮಾಡಿದರು. 2005ರಲ್ಲಿ ಆಶಾ ಎಂಬ ಆರೋಗ್ಯ ಕಾರ್ಯಕರ್ತೆಯರ ಯೋಜನೆ ಶುರುವಾದಾಗಿನಿಂದ ಕಾಗದದ ಮೇಲೆ ಅವರು ಸ್ವಯಂಸೇವಕಿ. ಸಂಬಳವಿಲ್ಲ. ರಾಜ್ಯ ಸರಕಾರದ 5,000 ರೂಪಾಯಿ ಗೌರವಧನ, ಮಿಕ್ಕಿದ್ದು ಕೆಲಸಕ್ಕಿಷ್ಟು ಅಂತ ಪ್ರೋತ್ಸಾಹಧನ. ಆಸ್ಪತ್ರೆಯಲ್ಲೇ ಹೆರಿಗೆ ಆಗಲಿ ಅಂತ ಇರುವ ಜನನಿ ಸುರಕ್ಷಾ ಯೋಜನೆಯಲ್ಲಿ ನಿನ್ನ ರೇಟು ಕೇಳು: ಬಸುರಿಯ ಆರೈಕೆಗೆ 300, ಹೆರಿಗೆಗೆ ಆಸ್ಪತ್ರೆ ಸೇರಿಸಿದರೆ ಇನ್ನೊಂದು 300.

ಷರತ್ತುಂಟು. ನಿಮ್ಮ ಮನೆಯಲ್ಲಿ ಬಿಪಿಎಲ್ ಕಾರ್ಡ್ ಇರಬೇಕು, ಇಲ್ಲವೇ ನೀವು ಪರಿಶಿಷ್ಟ ಜಾತಿ, ಪಂಗಡದವರಾಗಿರಬೇಕು. ಎಪಿಎಲ್ ಮನೆಯ ಕೂಸಾದರೆ ನಡುರಾತ್ರಿ ಒದೆಯುವ ಮುಂಚೆ ಯೋಚಿಸು. ಅಕ್ಕ ಬಂದೇ ಬರುತ್ತಾರೆ, 108ಕ್ಕೆ ಫೋನ್ ಮಾಡುತ್ತಾರೆ, ವಾರ್ಡಿನ ಹೊರಗಿನ ಬೆಂಚಿನ ಮೇಲೆ ಬೆಳಗು ಮಾಡುತ್ತಾರೆ. ಜನನಿ ಸುರಕ್ಷಾ ಯೋಜನೆಯ ಲೆಕ್ಕದಲ್ಲಿ ಮಾತ್ರ ಆ ರಾತ್ರಿ ಆಗಿಯೇ ಇಲ್ಲ!

ಅದಕ್ಕಿಂತ ದೊಡ್ಡ ತೊಡಕು ನಿನ್ನ ಅಜ್ಜಿ ಮನೆ. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು, ಅಲ್ವಾ? ಈ ಕಾನೂನು ಕಂಪ್ಯೂಟರಿಗಿಂತ ಹಳೆಯದು. ಸೀಮಂತ ಮುಗಿಸಿ, ಕೈತುಂಬ ಹಸಿರು ಬಳೆ ತೊಡಿಸಿ ಕಳಿಸುತ್ತಾರೆ. ಆಮೇಲೆ ಇಲ್ಲಿ ತಿಂಗಳುಗಟ್ಟಲೆ ಓಡಾಡಿದ ಅಕ್ಕ ಬೇರೆ, ಅಲ್ಲಿ ಆಸ್ಪತ್ರೆಗೆ ಓಡುವ ಅಕ್ಕ ಬೇರೆ. ಇಬ್ಬರ ಕೆಲಸವೂ ತಾಯಿ-ಮಗುವಿನ ಲೆಕ್ಕ ಇಡುವ ಆರ್‌ಸಿಎಚ್ ಪೋರ್ಟಲ್‌ನಲ್ಲಿ ಸರಿಯಾಗಿ ಕಾಣಬೇಕು. ಎಂಟ್ರಿ ಮಾಡುವವರು ಇನ್ಯಾರೋ, ಎಂಟ್ರಿ ತಪ್ಪಿದರೆ ದುಡ್ಡು ಹೋಗುವುದು ಅಕ್ಕನದು. ಪ್ರೋತ್ಸಾಹಧನವನ್ನು ಪೋರ್ಟಲ್‌ನಿಂದ ಬಿಡಿಸಿ ಅಂತ ಆಶಾಗಳು ಕೇಳುತ್ತಲೇ ಇದ್ದಾರೆ. ಅದಕ್ಕಿಂತ ನಾಡಿನಲ್ಲಿ ಸೀಮಂತ ನಿಲ್ಲಿಸುವುದೇ ಸುಲಭ ಅಂತ ಕಾಣುತ್ತದೆ.

ಹುಟ್ಟಿದ ಮೇಲೂ 3, 7, 14, 21, 28, 42ನೇ ದಿನ ಬಂದು ನಿನ್ನ ತೂಕ ನೋಡುತ್ತಾರೆ. ಆರೂ ಭೇಟಿ ಸೇರಿ 250 ರೂಪಾಯಿ. ಭಾಗಾಕಾರ ಮಾಡಲು ಹೋಗಬೇಡ, ಅದು ಶಾಲೆಗೆ ಸೇರಿದ ಮೇಲೆ.

2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದೇಶದ ಆಶಾಗಳಿಗೆಲ್ಲ ಸೇರಿಸಿ ಪ್ರಶಸ್ತಿ ಕೊಟ್ಟಿತು. ಅದಕ್ಕೆ ಪೋರ್ಟಲ್ ಎಂಟ್ರಿ ಬೇಕಿರಲಿಲ್ಲ, ಹಾಗಾಗಿ ಸಿಕ್ಕಿತು.

ಇನ್ನು ಹುಟ್ಟುವ ದಿನದ ವಿಚಾರ. 2025ರ ಜನವರಿಯಲ್ಲಿ ಇವರು ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಚಳಿಯಲ್ಲಿ ಹಗಲೂ ರಾತ್ರಿ ಕೂತರು. ಏಪ್ರಿಲ್‌ನಿಂದ ತಿಂಗಳಿಗೆ 10,000 ರೂಪಾಯಿ ಖಾತ್ರಿ ಅಂತ ಸರಕಾರ ಮಾತು ಕೊಟ್ಟಿತು. ಏಪ್ರಿಲ್ ಬಂದು ಹೋಯಿತು. ಅದೇ ವರ್ಷ ಮತ್ತೆ ಧರಣಿ. ಆದ್ದರಿಂದ ಡಾಕ್ಟರ್ ಕೊಟ್ಟ ತಾರೀಖನ್ನೇ ನಂಬಿ ಕೂರಬೇಡ. ಮುಂದಿನ ಧರಣಿ ಯಾವಾಗ ಅಂತ ಅಕ್ಕನನ್ನೇ ಕೇಳಿಕೊಂಡು ಹೊರಡು.