ಮೊದಲ ವಾರ ಅಮ್ಮನೂ ಕ್ಲಾಸಲ್ಲಿ ಕೂರಲಿ

ಜೂನ್ ಬಂತೆಂದರೆ ನಮ್ಮ ಎಲ್‌ಕೆಜಿ ಗೇಟುಗಳ ಮುಂದೆ ಅಳು ಶುರುವಾಗುತ್ತದೆ. ಆಯಾ ಮಗುವನ್ನು ಎತ್ತಿಕೊಂಡು ಒಳಗೆ ಹೋಗುತ್ತಾರೆ. "ನೀವು ಹೊರಡಿ, ನೀವಿದ್ರೆ ಜಾಸ್ತಿ ಅಳುತ್ತೆ" ಅನ್ನುತ್ತಾರೆ. ಜರ್ಮನಿಗೆ ಬಂದು ಮಗನನ್ನು ಶಿಶುವಿಹಾರಕ್ಕೆ ಸೇರಿಸಿದಾಗ ಇದರ ಪೂರ್ತಿ ಉಲ್ಟಾ ಕ್ರಮವನ್ನು ನೋಡಿದೆ. ಅದು ನಮ್ಮಲ್ಲೂ ಬರಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಇಲ್ಲಿ ಬಹಳಷ್ಟು ಶಿಶುವಿಹಾರಗಳು 'ಬರ್ಲಿನ್ ಮಾದರಿ'ಯನ್ನು ಪಾಲಿಸುತ್ತವೆ. 1980ರ ದಶಕದಲ್ಲಿ ಬರ್ಲಿನ್ನಿನಲ್ಲಿ ರೂಪುಗೊಂಡದ್ದು ಇದು. ಮೊದಲ 3 ದಿನ ಅಪ್ಪನೋ ಅಮ್ಮನೋ ಮಗುವಿನ ಜೊತೆ ಕೋಣೆಯಲ್ಲೇ ಇರಬೇಕು, ದಿನಕ್ಕೆ ಸುಮಾರು 1 ಗಂಟೆ. "ಹೋಗು, ಆಡ್ಕೋ" ಅಂತ ತಳ್ಳುವಂತಿಲ್ಲ. ಸುಮ್ನೆ ಒಂದು ಮೂಲೆಯಲ್ಲಿ ಕೂತಿರಬೇಕು. ಮಗು ನಾಲ್ಕು ಹೆಜ್ಜೆ ಹೋಗುತ್ತದೆ, ತಿರುಗಿ ನೋಡುತ್ತದೆ, ಓಡಿಬಂದು ಮೊಣಕಾಲು ಮುಟ್ಟಿ ಮತ್ತೆ ಹೋಗುತ್ತದೆ. 4ನೇ ದಿನ "ಹೋಗಿ ಬರ್ತೀನಿ" ಅಂತ ಹೇಳಿಯೇ ಹೊರಗೆ ಹೋಗಬೇಕು, ಅದೂ ಹೆಚ್ಚೆಂದರೆ 30 ನಿಮಿಷ. ಕಣ್ಣು ತಪ್ಪಿಸಿ ಜಾರಿಕೊಳ್ಳುವಂತಿಲ್ಲ. ಆ ದಿನ ಸೋಮವಾರ ಬಿದ್ದರೆ ಮಂಗಳವಾರಕ್ಕೆ ಮುಂದೂಡುತ್ತಾರೆ. ರಜೆ ಕಳೆದು ಬಂದ ಮಗುವಿಗೆ ಅಂದೇ ಬಿಟ್ಟಿರುವುದು ಕಷ್ಟ ಅಲ್ವಾ!

ನನಗೆ ತುಂಬಾ ಹಿಡಿಸಿದ್ದು ಅಳುವನ್ನು ಇವರು ನೋಡುವ ರೀತಿ. ಮಗು ಅತ್ತರೆ ಪರವಾಗಿಲ್ಲ. ಟೀಚರ್ ಎತ್ತಿಕೊಂಡಾಗ ಸಮಾಧಾನ ಆಗುತ್ತದಾ ಅನ್ನುವುದಷ್ಟೇ ಲೆಕ್ಕ. ಆಗದಿದ್ದರೆ ಕೆಲವೇ ನಿಮಿಷಗಳಲ್ಲಿ ನಮ್ಮನ್ನು ಒಳಗೆ ಕರೆಯುತ್ತಾರೆ. ಅತ್ತು ಅತ್ತು ಸುಸ್ತಾಗಿ ಸುಮ್ಮನಾದ ಮಗುವನ್ನು "ಈಗ ಸೆಟ್ ಆಯ್ತು" ಅಂತ ಯಾರೂ ಹೇಳುವುದಿಲ್ಲ.

ಇನ್ನೊಂದು ವಿಷಯ, ಭಾಷೆ. ನನ್ನ ಮಗನಿಗೆ ಕನ್ನಡ ಬಿಟ್ಟು ಏನೂ ಬರುತ್ತಿರಲಿಲ್ಲ. ನೀರು, ಸುಸ್ಸು, ನೋವು, ಅಮ್ಮ ಬರ್ತಾಳೆ - ಇವನ್ನೆಲ್ಲ ಮನೆಯಲ್ಲಿ ಹೇಗೆ ಹೇಳುತ್ತೀರಿ ಅಂತ ಟೀಚರ್ ಕೇಳಿ, ತಮ್ಮ ಲಿಪಿಯಲ್ಲಿ ಬರೆದು ಬಾಗಿಲ ಹಿಂದೆ ಅಂಟಿಸಿಕೊಂಡರು. ಇದು ನಮ್ಮ ಊರುಗಳಲ್ಲೂ ಇರುವ ಕಷ್ಟವೇ. ಮನೆಯಲ್ಲಿ ಕನ್ನಡ ಆಡುವ ಮೂರೂವರೆ ವರ್ಷದ ಮಗು ಇಂಗ್ಲಿಷ್ ಮೀಡಿಯಂ ಎಲ್‌ಕೆಜಿಯಲ್ಲಿ ಟಾಯ್ಲೆಟ್ಟಿಗೆ ಹೋಗಬೇಕು ಅಂತ ಹೇಳಲು ಗೊತ್ತಾಗದೆ ಚಡ್ಡಿ ಒದ್ದೆ ಮಾಡಿಕೊಳ್ಳುತ್ತದೆ. ಲಂಬಾಣಿಯೋ ಉರ್ದುವೋ ಆಡುವ ಮಗು ಕನ್ನಡ ಶಾಲೆಯಲ್ಲಿ ಅದೇ ಪಾಡು ಪಡುತ್ತದೆ. ಹತ್ತು ಪದ ಬರೆದುಕೊಳ್ಳಲು ಯಾವ ಅನುದಾನವೂ ಬೇಕಿಲ್ಲ.

ಜರ್ಮನಿಯವರಿಗೆ ಅನುಕೂಲ ಜಾಸ್ತಿ ಅನ್ನುವುದೂ ನಿಜ. ಇಲ್ಲಿ ಮಗುವಿಗಾಗಿ ಅಪ್ಪ, ಅಮ್ಮ ತಲಾ 3 ವರ್ಷದವರೆಗೆ ಕೆಲಸದಿಂದ ರಜೆ ಪಡೆಯಬಹುದು. ಕೂಲಿಗೆ ಹೋಗುವ ತಾಯಿಗೆ ವಾರವಿಡೀ ಶಾಲೆಯಲ್ಲಿ ಕೂರಿ ಅಂದರೆ ಆಗುತ್ತದೆಯೇ? ಅಂಥ ಕಡೆ ಅಜ್ಜಿ ಬರಲಿ, ಅಕ್ಕ ಬರಲಿ, ಮಗು ನೆಚ್ಚಿದ ಯಾರಾದರೂ ಸರಿ. ನಮ್ಮಲ್ಲಿ ಅಂಥವರಿಗೆ ಬರವಿಲ್ಲ.

ನಮ್ಮ ಸರ್ಕಾರಿ ಶಾಲೆಗಳ ಒಂದು ವಿಷಯವನ್ನಂತೂ ನಾನು ಇಲ್ಲಿನವರಿಗೆ ಹೆಮ್ಮೆಯಿಂದ ಹೇಳುತ್ತೇನೆ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ನಲಿ-ಕಲಿ ಎಂಬ ಚಟುವಟಿಕೆಯ ಕಲಿಕಾ ಪದ್ಧತಿಯಲ್ಲಿ 1ರಿಂದ 3ನೇ ತರಗತಿಯ ಮಕ್ಕಳು ಒಟ್ಟಿಗೆ ಗುಂಪು ಗುಂಪಾಗಿ ಕೂತು ಕಲಿಯುತ್ತಾರೆ. ಹೊಸ ಮಗುವಿಗೆ ಪಕ್ಕದಲ್ಲೇ ದೊಡ್ಡ ಮಗು ಸಿಗುತ್ತದೆ. ಕಲಿಕೆಯ ಕಾರ್ಡು ಎಲ್ಲಿದೆ, ಚಪ್ಪಲಿ ಎಲ್ಲಿ ಬಿಡಬೇಕು ಅಂತ ಅದೇ ತೋರಿಸುತ್ತದೆ.

"40 ಮಕ್ಕಳ ಕ್ಲಾಸಲ್ಲಿ 40 ಅಮ್ಮಂದಿರನ್ನು ಎಲ್ಲಿ ಕೂರಿಸೋದು?" ಅಂತ ಶಿಕ್ಷಕಿಯಾಗಿರುವ ನನ್ನ ಅತ್ತಿಗೆ ಕೇಳಿದರು. ನ್ಯಾಯವಾದ ಪ್ರಶ್ನೆ. ಎಲ್ಲರನ್ನೂ ಒಂದೇ ದಿನ ಸೇರಿಸಬೇಡಿ ಅನ್ನುವುದು ನನ್ನ ಉತ್ತರ. ಇಲ್ಲೂ ಹೊಸ ಮಕ್ಕಳನ್ನು ಸ್ವಲ್ಪ ಸ್ವಲ್ಪವಾಗಿ, ಬೇರೆ ಬೇರೆ ವಾರ ಕರೆಯುತ್ತಾರೆ. ವಾರಕ್ಕೆ ಎಂಟ್ಹತ್ತು ಮಕ್ಕಳಂತೆ, ದಿನಕ್ಕೆ ಒಂದು ಗಂಟೆಯಂತೆ ಶುರು ಮಾಡಿದರೆ ಜೂನ್ ಮುಗಿಯುವುದರೊಳಗೆ ಕ್ಲಾಸು ಭರ್ತಿಯಾಗುತ್ತದೆ. ಆ ತಿಂಗಳಲ್ಲಿ ಪಾಠ ಎಷ್ಟು ಮುಗಿಯಿತು ಅಂತ ನಾವು ಪೋಷಕರು ಕೇಳದಿದ್ದರೆ ಆಯಿತು.