ಸೈಜ್ ಮ್ಯಾಚ್ ಆದ್ರೆ ಕಾಪಿ ಆಯ್ತಾ?

"ಸೈಜ್ ಮ್ಯಾಚ್ ಆಗಿದೆ ಮೇಡಂ, ಕಾಪಿ ಕಂಪ್ಲೀಟ್." ಈ ಮಾತನ್ನ ಇನ್ನೊಂದು ಸಲ ಯಾರ ಬಾಯಲ್ಲಾದರೂ ಕೇಳಿದರೆ ನನಗೆ ತಡೆದುಕೊಳ್ಳೋಕೆ ಆಗಲ್ಲ.

ನಮ್ಮ ಆಫೀಸಿನ ಹಳೇ ಲಿನಕ್ಸ್ ಡಿಸ್ಕಿನಿಂದ ಹೊಸದಕ್ಕೆ ಹಾಡುಗಳ ರೆಕಾರ್ಡಿಂಗ್ ಇದ್ದ ಫೋಲ್ಡರ್ ಸಾಗಿಸುವ ಕೆಲಸ ಇತ್ತು. ಸರ್ವರ್ ನೋಡಿಕೊಳ್ಳೋಕೆ ಹೊರಗಿನಿಂದ ಒಬ್ಬರು ಬರುತ್ತಾರೆ. ಶುಕ್ರವಾರ ಮಧ್ಯಾಹ್ನ ಶುರು ಮಾಡಿದರು, ಶನಿವಾರ ಬೆಳಿಗ್ಗೆ ಮುಗೀತು. ಎರಡೂ ಕಡೆ ಡಿಯು, ಅಂದರೆ ಸೈಜ್ ಅಳೆಯೋ ಕಮಾಂಡ್, ಓಡಿಸಿ ತೋರಿಸಿದರು. ಇಲ್ಲೂ 212 ಜಿಬಿ, ಅಲ್ಲೂ 212 ಜಿಬಿ. ಫೈಲ್ ಎಷ್ಟಿವೆ ಎಣಿಸಿ ಅಂದೆ. ಎಣಿಸಿದರು, ಅದೂ ಸರಿ. ನಾನೇ ನಾಲ್ಕು ಹಾಡು ಹಾಕಿ ಕೇಳಿದೆ, ಚೆನ್ನಾಗಿ ಓಡಿದವು. ಆದರೂ ಮನಸ್ಸು ಒಪ್ಪಲಿಲ್ಲ. ಹಳೇ ಡಿಸ್ಕ್ ಒಂದು ವಾರ ಹಾಗೇ ಇರಲಿ ಸಾರ್ ಅಂತ ಕೇಳಿಕೊಂಡೆ. "ಎರಡೂ ಕಡೆಯ ಫೈಲ್ ಹೋಲಿಸೋ ಡಿಫ್ ಕೂಡ ಹಾಕಿದ್ದೀನಿ, ಒಂದೇ ಒಂದು ವ್ಯತ್ಯಾಸ ಇಲ್ಲ. ಸುಮ್ನೆ ಯಾಕೆ ಹೆದರ್ತೀರಾ?" ಅಂದರು. ಸಂಜೆಗೆ ಫಾರ್ಮ್ಯಾಟ್ ಮಾಡಿದರು. ಅಷ್ಟು ಸಾಲದು ಅಂತ ಅದರ ಮೇಲೆ ಬೇರೆ ಬ್ಯಾಕಪ್ಪನ್ನೂ ತುಂಬಿದರು.

ಸೋಮವಾರ ಸೋಬಾನೆ ಪದಗಳ ಫೋಲ್ಡರ್ ತೆಗೆದೆ. ತುಮಕೂರು ಕಡೆಯ ಒಬ್ಬ ಅಜ್ಜಿ ಹಾಡಿದ್ದು. ಮೂರು ಸಲ ಅವರ ಮನೆಗೆ ಹೋಗಿ, ಜಗಲಿ ಮೇಲೆ ಕೂತು ರೆಕಾರ್ಡ್ ಮಾಡಿಕೊಂಡಿದ್ದೆ. ಒಟ್ಟು 41 ಪದ. ಟರ್ಮಿನಲ್‌ನಲ್ಲಿ ಹೆಸರುಗಳು ಎಲ್ಲ ಇದ್ದವು. ಎಲ್ಲವೂ ಕೆಂಪು. ಯಾವುದನ್ನ ಒತ್ತಿದರೂ 'ನೋ ಸಚ್ ಫೈಲ್ ಆರ್ ಡೈರೆಕ್ಟರಿ', ಅಂಥ ಫೈಲೇ ಇಲ್ಲ.

ಅವು ಫೈಲ್‌ಗಳೇ ಅಲ್ಲ, ಸಿಂಬಾಲಿಕ್ ಲಿಂಕ್‌ಗಳು. ಅಸಲಿ ಆಡಿಯೊ ಹಳೇ ಡಿಸ್ಕಿನ ಇನ್ನೊಂದು ಫೋಲ್ಡರ್‌ನಲ್ಲಿತ್ತು. ಅದನ್ನ ಕಾಪಿ ಮಾಡೇ ಇಲ್ಲ. ಲಿಂಕ್ ಅಂದರೆ ಒಂದು ವಿಳಾಸದ ಚೀಟಿ, ಅಷ್ಟೇ. ಚೀಟಿ ಹೊಸ ಮನೆಗೆ ಬಂತು, ಆದರೆ ಅದರಲ್ಲಿ ಬರೆದಿದ್ದು ಹಳೇ ಮನೆಯ ವಿಳಾಸ. ಹಳೇ ಡಿಸ್ಕ್ ಇನ್ನೂ ಮೌಂಟ್ ಆಗಿತ್ತಲ್ಲ, ಅಂದರೆ ಸರ್ವರ್‌ಗೆ ಜೋಡಿಸಿಯೇ ಇತ್ತಲ್ಲ, ಅದಕ್ಕೇ ಶನಿವಾರ ಹಾಡು ಓಡಿದವು.

ಈಗ ಆ ಟೆಸ್ಟ್‌ಗಳನ್ನ ನೋಡಿ. ಡಿಯು ಲಿಂಕ್ ಹಿಂದೆ ಹೋಗಲ್ಲ, ಎರಡೂ ಕಡೆ ಚೀಟಿಯನ್ನಷ್ಟೇ ತೂಗುತ್ತೆ. ಫೈಲ್ ಹುಡುಕೋ ಫೈಂಡ್ ಕಮಾಂಡ್‌ನಲ್ಲಿ ಬರೀ ಫೈಲ್ ಎಣಿಸಿ ಅಂದರೆ ಲಿಂಕ್ ಲೆಕ್ಕಕ್ಕೇ ಬರಲ್ಲ. ಡಿಫ್ ಮಾತ್ರ ಲಿಂಕ್ ಹಿಡಿದು ಹೋಗುತ್ತೆ. ಹಳೇ ಕಡೆಯ ಲಿಂಕ್ ಹಿಡಿದು ಹೋದರೂ ಹೊಸ ಕಡೆಯದನ್ನ ಹಿಡಿದು ಹೋದರೂ ಅದು ಮುಟ್ಟಿದ್ದು ಹಳೇ ಡಿಸ್ಕಿನ ಅದೇ ಫೈಲನ್ನ. ಒಂದು ಫೈಲನ್ನ ಅದರ ಜೊತೆಗೇ ಹೋಲಿಸಿ ವ್ಯತ್ಯಾಸ ಇಲ್ಲ ಅಂದರೆ ಅದು ಯಾವ ಸೀಮೆ ಪರೀಕ್ಷೆ? ಫೈಲಿನ ಒಳಗಿರೋದನ್ನ ಒಂದು ಸಂಖ್ಯೆಯಾಗಿ ಲೆಕ್ಕ ಹಾಕಿ ತಾಳೆ ನೋಡೋ ಚೆಕ್‌ಸಮ್ ಹಾಕಿದ್ದರೂ ಇದು ಸಿಕ್ಕುತ್ತಿರಲಿಲ್ಲ. ಹಳೇ ಡಿಸ್ಕನ್ನ ಅನ್‌ಮೌಂಟ್ ಮಾಡಿ, ಮುರಿದ ಲಿಂಕ್ ಎಷ್ಟಿವೆ ಅಂತ ಫೈಂಡ್‌ನಲ್ಲಿ ಒಂದು ಸಾಲು ಹಾಕಿದ್ದರೆ 41 ಹೆಸರೂ ಕಣ್ಣಿಗೆ ಹೊಡೆಯುತ್ತಿದ್ದವು. ಎರಡು ನಿಮಿಷದ ಕೆಲಸ ರೀ!

ಇದು ಮೊದಲ ಸಲ ಏನಲ್ಲ. ಹೋದ ವರ್ಷ ವಿಂಡೋಸ್ ಡಿಸ್ಕಿನಿಂದ ಇದೇ ಸರ್ವರ್‌ಗೆ ಕಾಪಿ ಮಾಡಿದಾಗ ಉದ್ದ ಹೆಸರಿನ ಕನ್ನಡ ಫೈಲ್‌ಗಳು ಬರಲೇ ಇಲ್ಲ. ನಮ್ಮ ಸರ್ವರ್ ಡಿಸ್ಕಿನಲ್ಲಿ ಫೈಲ್ ಜೋಡಿಸಿಡೋ ವ್ಯವಸ್ಥೆ ಇಎಕ್ಸ್‌ಟಿ4. ಅದರಲ್ಲಿ ಹೆಸರಿಗೆ 255 ಬೈಟ್ ಮಿತಿ. ಅಕ್ಷರಗಳನ್ನ ಬೈಟ್‌ಗಳಾಗಿ ಬರೆಯೋ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್ ಬೇಕು. 'ಲಕ್ಷ್ಮೀ' ಅನ್ನೋ ಪುಟ್ಟ ಹೆಸರಲ್ಲೇ ಏಳು ಸಂಕೇತ ಇವೆ, 21 ಬೈಟ್ ಹೋಗುತ್ತೆ. ಹಾಡಿದವರು, ಊರು, ಪದದ ಮೊದಲ ಸಾಲು ಎಲ್ಲ ಸೇರಿಸಿ ಹೆಸರಿಟ್ಟರೆ ಮಿತಿ ದಾಟದೆ ಇರುತ್ತಾ? ವಿಂಡೋಸ್ ಡಿಸ್ಕಿನ ವ್ಯವಸ್ಥೆ ಎನ್‌ಟಿಎಫ್‌ಎಸ್ ಬೈಟ್ ಎಣಿಸಲ್ಲ, ಅಲ್ಲಿ ಅಂಥ ಹೆಸರು ಸಲೀಸಾಗಿ ಕೂತಿದ್ದವು. ಕಾಪಿ ಮಾಡೋ ಸಿಪಿ ಕಮಾಂಡ್ 'ಫೈಲ್ ನೇಮ್ ಟೂ ಲಾಂಗ್' ಅಂತ ಹೇಳಿತ್ತು. ಆ ಸಾಲು ಪರದೆ ಮೇಲೆ ಸರ್ರನೆ ಹೋಯಿತು, ಯಾರೂ ನೋಡಲಿಲ್ಲ. ಕಮಾಂಡ್ ಮುಗಿದಾಗ ಕೊಡೋ ಎಕ್ಸಿಟ್ ಕೋಡ್ ಸೊನ್ನೆನಾ (ಅಂದರೆ ತಪ್ಪಿಲ್ಲದೆ ಮುಗೀತಾ) ಅಲ್ವಾ ಅಂತ ನೋಡೋ ಅಭ್ಯಾಸವೂ ಇಲ್ಲ. ಆಗ ಡಿಸ್ಕ್ ನನ್ನ ಹತ್ತಿರ ಇತ್ತು, ಬಚಾವಾದೆ.

ಈ ಸಲ ಡಿಸ್ಕೇ ಹೋಯಿತು. ಅಜ್ಜಿಗೆ ಫೋನ್ ಮಾಡಿದೆ. "ಈಗ ಉಸ್ರು ನಿಲ್ಲಲ್ಲ ಕಣವ್ವ, ನಾಕು ಸಾಲು ಅಂದ್ರೆ ಕೆಮ್ಮು" ಅಂದರು. ಸರ್ವರ್ ನೋಡಿಕೊಳ್ಳೋರಿಗೆ ಕೇಳಿದರೆ "ಕಮಾಂಡ್ ಎಲ್ಲ ಸರಿಯಾಗೇ ಓಡಿತ್ತಲ್ಲ ಮೇಡಂ" ಅಂತಾರೆ.

ನಾಳೆ ಇನ್ನೊಂದು ಹಳೇ ಡಿಸ್ಕ್ ಫಾರ್ಮ್ಯಾಟ್ ಮಾಡ್ತಾರಂತೆ. ಇವತ್ತು ಸಂಜೆ ಅದನ್ನ ಬಿಚ್ಚಿಸಿ ತಂದು ನನ್ನ ಡ್ರಾಯರ್‌ನಲ್ಲಿ ಬೀಗ ಹಾಕಿ ಇಟ್ಟಿದ್ದೇನೆ. ಆ ಡಿಸ್ಕ್ ಇಲ್ಲದೆ ಹೊಸದರಲ್ಲಿ ಒಂದೊಂದು ಲಿಂಕೂ ತೆರೆದು ತೋರಿಸುವವರೆಗೆ ಬೀಗದ ಕೈ ಕೊಡಲ್ಲ.